ಮೂರು ವಾರದ ಮೇಡಂ

ಟಯರ್ ಅಂಗಡಿಯ ಮೇಲಿನ ಮಹಡಿಯಲ್ಲಿದ್ದ ಕುಟುಂಬ ಸಹಾಯ ಕೇಂದ್ರಕ್ಕೆ ಪ್ರತಿ ವರ್ಷವೂ ಐದಾರು ಜನ ವಿದ್ಯಾರ್ಥಿಗಳು ಬರುತ್ತಿದ್ದರು. ಸಮಾಜಕಾರ್ಯದಲ್ಲಿ ಪದವಿ ಓದುವ ಮಕ್ಕಳು. ವಾರಕ್ಕೆ ಎರಡು ದಿನ ಪುಸ್ತಕ ಮುಚ್ಚಿಟ್ಟು ಜನರ ಮನೆ ಬಾಗಿಲು ತಟ್ಟಬೇಕು, ಕೂತು ಮಾತಾಡಿಸಬೇಕು, ವಾಪಸ್ ಬಂದು ವರದಿ ಬರೆಯಬೇಕು. ಕಾಗದದ ಮೇಲೆ ಅದಕ್ಕೆ ‘ಮೇಲ್ವಿಚಾರಣೆಯಡಿಯ ಕ್ಷೇತ್ರಕಾರ್ಯ’ ಎಂಬ ಗಂಭೀರವಾದ ಹೆಸರು. ಮಕ್ಕಳ ಬಾಯಲ್ಲಿ ಬರೀ ಫೀಲ್ಡ್ ವರ್ಕ್. ಮೇಲ್ವಿಚಾರಣೆ ಅನ್ನುವ ಆ ಭಾರದ ಪದವನ್ನು ಇಪ್ಪತ್ತಾರು ವರ್ಷದಿಂದ ಹೊತ್ತು ಕೂತಿದ್ದವರು ಒಬ್ಬರೇ ಹೆಂಗಸು. ಅವರ ಆಸ್ತಿ ಒಂದು ಕಬ್ಬಿಣದ ಬೀರು, ಒಂದು ಕಾಲು ಗಿಡ್ಡವಾದ ಮೇಜು, ಒಂದು ಕೆಂಪು ಪೆನ್ನು.

ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿತ್ತು. ಮಕ್ಕಳು ಬೆನ್ನ ಹಿಂದೆ ಕರೆಯುತ್ತಿದ್ದದ್ದು ‘ಮೂರು ವಾರದ ಮೇಡಂ’ ಅಂತ. ಬೆನ್ನಿಗೂ ಕಿವಿ ಬೇಕಾಗುವ ಕೆಲಸವಾದ್ದರಿಂದ ಮೇಡಂಗೆ ಅದು ಗೊತ್ತಿತ್ತು. ಬೇಸರವೇನೂ ಇರಲಿಲ್ಲ. ನಿಜ ಹೇಳಬೇಕೆಂದರೆ ಒಳಗೊಳಗೇ ಸ್ವಲ್ಪ ಹೆಮ್ಮೆ.

ಆ ಹೆಸರು ಹುಟ್ಟಿದ್ದು ಅವರದೊಂದು ನಿಯಮದಿಂದ. ವಿದ್ಯಾರ್ಥಿ ಒಂದು ಮನೆಗೆ ಹೋಗುವುದನ್ನು ನಿಲ್ಲಿಸುವ ಮೂರು ವಾರ ಮೊದಲೇ ಆ ಮನೆಯವರಿಗೆ ಹೇಳಬೇಕು. ಬಾಯಲ್ಲಿ ಹೇಳಿದರೆ ಸಾಲದು. ಒಂದು ಹಾಳೆಯಲ್ಲಿ ಮೂರು ಸೊನ್ನೆ ಬರೆದು ಗೋಡೆಗೆ ಅಂಟಿಸಬೇಕು. ಆಮೇಲೆ ಹೋದಾಗಲೆಲ್ಲ ಆ ಮನೆಯವರ ಕೈಯಲ್ಲೇ ಒಂದೊಂದು ಸೊನ್ನೆಗೆ ಅಡ್ಡಗೆರೆ ಎಳೆಸಬೇಕು. ಮೂರನೆಯದಕ್ಕೆ ಗೆರೆ ಬಿದ್ದ ದಿನ ಸುತ್ತಿಬಳಸದೆ, ಒಂದೇ ಸಲ, ಎದುರಿಗೆ ನಿಂತು ಹೇಳಬೇಕು: ನಾನು ಇನ್ನು ಬರುವುದಿಲ್ಲ. ‘ನೋಡೋಣ’, ‘ಆಗಾಗ ಬಂದು ಹೋಗ್ತೀನಿ’, ‘ಫೋನ್ ಮಾಡ್ತೀನಿ’ — ಇವೆಲ್ಲ ನಿಷಿದ್ಧ.

“ಅವರ ಮನೆ ಬಸ್ ಸ್ಟಾಪ್ ಅಲ್ಲ, ನಿಮ್ಮ ಬಸ್ ಬಂತು ಅಂತ ಎದ್ದು ಓಡೋದಕ್ಕೆ” ಅನ್ನುತ್ತಿದ್ದರು ಮೇಡಂ, ಪ್ರತಿ ವರ್ಷ, ಅದೇ ದಿನ, ಅದೇ ಜಾಗದಲ್ಲಿ ತಡೆದು, ಮಕ್ಕಳು ಬರೆದುಕೊಳ್ಳಲಿ ಅಂತ.

ಒಮ್ಮೆ ಯಾವುದೋ ಕಾಲೇಜಿನವರು ಈ ನಿಯಮದ ಬಗ್ಗೆ ಹದಿನೈದು ನಿಮಿಷ ಮಾತಾಡಿ ಅಂತ ಕರೆದಿದ್ದರು. ಮೇಡಂ ಐವತ್ತು ನಿಮಿಷ ಮಾತಾಡಿದರು. ಅಧ್ಯಕ್ಷರು ಮೂರು ಸಲ ಗಡಿಯಾರ ನೋಡಿದ್ದನ್ನು ಅವರು ಆಸಕ್ತಿ ಅಂತ ತಿಳಿದರು. ಕೊನೆಗೆ ಗಾಜಿನ ಸ್ಮರಣಿಕೆಯೊಂದನ್ನು ಕೊಟ್ಟು ಕಳಿಸಿದ್ದರು. ಅದು ಬೀರುವಿನ ಮೇಲಿತ್ತು. ಕೋಣೆಯ ಉಳಿದ ಧೂಳನ್ನು ಗುಡಿಸುವವಳು ತೆಗೆಯುತ್ತಿದ್ದಳು, ಅದರ ಮೇಲಿನದನ್ನು ಮಾತ್ರ ಮೇಡಂ ತಾವೇ.

ವರದಿ ತಿದ್ದುವುದರಲ್ಲೂ ಅವರದು ಪ್ರತ್ಯೇಕ ಪಂಥ. ಎಡಗಡೆ ಪುಟದಲ್ಲಿ ಕಂಡದ್ದು ಕೇಳಿದ್ದು, ಬಲಗಡೆ ಪುಟದಲ್ಲಿ ‘ನನಗೆ ಏನನ್ನಿಸಿತು’. ಯಾವನೋ ಹುಡುಗ ‘ಆ ಮನೆಯವರು ಬಹಳ ದುಃಖದಲ್ಲಿದ್ದರು’ ಅಂತ ಎಡಗಡೆ ಬರೆದರೆ ಕೆಂಪು ಪೆನ್ನು ಕೇಳುತ್ತಿತ್ತು: ‘ದುಃಖ ಯಾವ ಕುರ್ಚಿಯಲ್ಲಿ ಕೂತಿತ್ತು? ಕಣ್ಣಿಗೆ ಬಿದ್ದದ್ದನ್ನು ಬರಿ.’ ‘ಕೇಸ್’ ಅಂತ ಬರೆದರೆ, ‘ಕೇಸು ಕೋರ್ಟಿನಲ್ಲಿರುತ್ತದೆ, ಇವರು ಮನುಷ್ಯರು.’ ಮಕ್ಕಳು ನಗುತ್ತಿದ್ದರು, ಬೈದುಕೊಳ್ಳುತ್ತಿದ್ದರು, ನಾಲ್ಕು ವರ್ಷದ ಮೇಲೆ ಎಲ್ಲೋ ಕೆಲಸಕ್ಕೆ ಸೇರಿ ತಮ್ಮ ಕೈಕೆಳಗಿನವರಿಗೆ ಅದನ್ನೇ ಹೇಳುತ್ತಿದ್ದರು.

ಈ ಮೂರು ಸೊನ್ನೆ ಪುಸ್ತಕದಿಂದ ಬಂದದ್ದಲ್ಲ. ಹನ್ನೊಂದು ವರ್ಷದ ಹಿಂದೆ ಒಬ್ಬ ವಿದ್ಯಾರ್ಥಿನಿ ಪ್ರತಿ ಬುಧವಾರ ಒಂದು ಇಸ್ತ್ರಿ ಮಾಡುವವರ ಮನೆಗೆ ಹೋಗುತ್ತಿದ್ದಳು. ಅಲ್ಲಿ ಇದ್ದವರು ಇಬ್ಬರೇ, ಇಸ್ತ್ರಿ ಅಕ್ಕ ಮತ್ತು ಅವರ ಮಗಳು. ಮಗಳಿಗೆ ಆಗಲೇ ಇಪ್ಪತ್ತು ವರ್ಷ, ಆದರೂ ಎಲ್ಲರಿಗೂ ಪುಟ್ಟಿ. ಹುಟ್ಟಿದಾಗಿನಿಂದ ಮಾತಿಲ್ಲ. ಬಟ್ಟೆ ಹಾಕಿಕೊಳ್ಳುವುದಕ್ಕೂ ತಲೆ ಬಾಚಿಕೊಳ್ಳುವುದಕ್ಕೂ ಅಮ್ಮನ ಕೈ ಬೇಕು. ವಾರ, ತಿಂಗಳು ಅಂತ ಅವಳಿಗೆ ಯಾರೂ ಕಲಿಸಿರಲಿಲ್ಲ; ಮನೆಗೆ ಯಾರು ಬಂದರು ಅನ್ನುವುದೇ ಅವಳ ಕ್ಯಾಲೆಂಡರು. ವಿದ್ಯಾರ್ಥಿನಿಗೆ ಪರೀಕ್ಷೆ ಬಂತು, ಫೀಲ್ಡ್ ವರ್ಕಿನ ಗಂಟೆಗಳ ಲೆಕ್ಕ ಮುಗಿದಿತ್ತು, ಒಂದು ಮಾತೂ ಹೇಳದೆ ಹೋಗುವುದನ್ನು ನಿಲ್ಲಿಸಿದಳು. ಪುಟ್ಟಿ ಬುಧವಾರ ಹೊಸ್ತಿಲಲ್ಲಿ ಕೂತಳು. ಗುರುವಾರ ಏಳಲಿಲ್ಲ. ಶುಕ್ರವಾರವೂ ಏಳಲಿಲ್ಲ. ತಟ್ಟೆ ತಂದರೆ ತಲೆ ತಿರುಗಿಸಿದಳು. ಒಂಬತ್ತು ದಿನ ಹೊಟ್ಟೆಗೆ ಹೋದದ್ದು ನೀರು, ಬಲವಂತದ ನಾಲ್ಕು ಚಮಚ ಗಂಜಿ. ಹತ್ತನೆಯ ದಿನ ಇಸ್ತ್ರಿ ಅಕ್ಕ ಕೇಂದ್ರದ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲೇ ನಿಂತು ಕೇಳಿದರು:

“ನಿಮ್ಮ ಹುಡುಗಿ ಸತ್ತುಹೋದ್ಲಾ? ಸತ್ತಿದ್ರೆ ಹೇಳಿ. ನನ್ ಮಗಳಿಗೆ ಹಾಗಾದ್ರೂ ಹೇಳ್ತೀನಿ.”

ಆ ಸಂಜೆಯೇ ಮೇಡಂ ಹೊರಟರು. ಮುಂದಿನ ಬುಧವಾರವೂ ಹೋದರು. ಅದರ ಮುಂದಿನದೂ. ಆ ಮನೆಯ ಸಲುವಾಗಿ ಮೂರು ಸೊನ್ನೆ ಕಂಡುಹಿಡಿದರು, ಇಡೀ ಕಾಲೇಜಿಗೆ ಕಲಿಸಿದರು. ಆದರೆ ಆ ಮನೆಯ ಗೋಡೆಗೆ ಮಾತ್ರ ಹಾಳೆ ಅಂಟಲೇ ಇಲ್ಲ. ಮೇಡಂ ಆ ಮನೆ ಬಿಟ್ಟರೆ ತಾನೇ ಅಂಟಿಸುವುದು.

ಈಗ ಬಿಡುವ ಕಾಲ ಬಂದಿತ್ತು. ತಿಂಗಳ ಕೊನೆಗೆ ನಿವೃತ್ತಿ. ಬಾಡಿಗೆ ಮನೆ ಖಾಲಿ ಮಾಡಿ ಗಂಡ ಹೆಂಡತಿ ಇಬ್ಬರೂ ಮಗಳಿರುವ ಊರಿಗೆ ಹೋಗುವುದು, ಅದು ರೈಲಿನಲ್ಲಿ ಒಂದು ಹಗಲಿನ ದಾರಿ. ಮೇಡಂ ಜಾಗಕ್ಕೆ ಯಾರು ಬರುತ್ತಾರೆ ಅಂತ ಕೇಳಿದರೆ ಮೇಲಿನವರು ‘ಪರಿಶೀಲನೆಯಲ್ಲಿದೆ’ ಅನ್ನುತ್ತಿದ್ದರು. ಅದರ ಅರ್ಥ ಯಾರೂ ಬರುವುದಿಲ್ಲ ಅಂತ ತಿಳಿಯುವಷ್ಟು ಸರ್ವೀಸು ಮೇಡಂಗೆ ಆಗಿತ್ತು. ತಿಂಗಳಲ್ಲಿ ಉಳಿದದ್ದು ನಾಲ್ಕು ಬುಧವಾರ. ಮೊದಲನೆಯದರಲ್ಲಿ ಹೇಳಿಬಿಟ್ಟರೆ ಮೂರು ಸೊನ್ನೆಗೆ ಸರಿಯಾಗಿ ಮೂರು ವಾರ. ಲೆಕ್ಕ ಪಕ್ಕಾ.

ಆ ಬುಧವಾರ ಅವರು ಆ ವರ್ಷದ ಒಬ್ಬ ವಿದ್ಯಾರ್ಥಿನಿಯನ್ನು ಜೊತೆಗೆ ಕರೆದುಕೊಂಡರು. ಕೊನೆಯ ವರ್ಷದ ಹುಡುಗಿ. ಕೆಮ್ಮಿದರೂ ಬರೆದುಕೊಳ್ಳುತ್ತಿದ್ದಳಾದ್ದರಿಂದ ಜೊತೆಯವರು ‘ಟಿಪ್ಪಣಿ’ ಅಂತ ಹೆಸರಿಟ್ಟಿದ್ದರು. ಅವಳ ಕೆಲಸ, ಮೇಡಂ ಮನೆ ಭೇಟಿ ಮಾಡುವುದನ್ನು ಪಕ್ಕದಲ್ಲಿ ಕೂತು ನೋಡಿ ವರದಿ ಬರೆಯುವುದು. ಅದಕ್ಕೆ ಅವಳ ಒಟ್ಟು ಅಂಕದಲ್ಲಿ ಕಾಲು ಭಾಗ. ಕೊಡುವವರು ಮೇಡಂ.

“ಇವತ್ತು ಚೆನ್ನಾಗಿ ನೋಡ್ಕೋ” ಅಂದರು ಮೇಡಂ ಬಸ್ಸಿನಲ್ಲಿ. “ಬಿಟ್ಟು ಹೋಗೋದನ್ನ ಹೇಗೆ ಶುರು ಮಾಡ್ಬೇಕು ಅಂತ ಯಾವ ಪುಸ್ತಕದಲ್ಲೂ ಸಿಗಲ್ಲ. ಇದೊಂದು ಕಲೆ.”

ಟಿಪ್ಪಣಿ ‘ಕಲೆ’ ಅಂತ ಬರೆದುಕೊಂಡಳು. ಮೇಡಂ ಬ್ಯಾಗಿನಲ್ಲಿ ದಪ್ಪ ಹಾಳೆ ಸುರುಳಿ ಸುತ್ತಿ ಕೂತಿತ್ತು. ಸೊನ್ನೆಗಳನ್ನು ಅವರು ಆಫೀಸಿನಲ್ಲಿ ಕೈವಾರ ಇಟ್ಟು ಎಳೆದಿದ್ದರು.

ಇಸ್ತ್ರಿ ಅಕ್ಕನ ಮನೆ ಎರಡನೇ ಮಹಡಿಯ ಒಂದೇ ಕೋಣೆ. ಕಿಟಕಿ ಪಕ್ಕ ಉದ್ದನೆ ಮೇಜು, ಅದರ ಮೇಲೆ ಮಡಚಿದ ಕಂಬಳಿ, ಕಂಬಳಿಯ ಮೇಲೆ ಕಂದು ಸುಟ್ಟ ಗುರುತುಗಳ ಬಿಳಿ ಬಟ್ಟೆ. ಮುಚ್ಚಳಕ್ಕೆ ತೂತು ಹೊಡೆದ ನೀರಿನ ಬಾಟಲಿ. ಗೋಡೆಯುದ್ದಕ್ಕೂ ಬಟ್ಟೆ ಗಂಟುಗಳು, ಪ್ರತಿ ಗಂಟಿಗೂ ಮನೆ ನಂಬರಿನ ಚೀಟಿ. ಬಿಸಿ ಹತ್ತಿಯ ವಾಸನೆ. ಇರುವ ಒಂದೇ ಕುರ್ಚಿ ಮೇಡಂದು, ಅಂದರೆ ಹನ್ನೊಂದು ವರ್ಷದಿಂದ ಬುಧವಾರ ಅವರು ಕೂತದ್ದರಿಂದ ಅವರದಾದದ್ದು. ಇಬ್ಬರಲ್ಲಿ ವಯಸ್ಸಿನಲ್ಲಿ ದೊಡ್ಡವರು ಯಾರು ಅನ್ನುವುದೂ ಅಷ್ಟೇ ವರ್ಷದಿಂದ ತೀರ್ಮಾನವಾಗದೆ ಉಳಿದು ಒಬ್ಬರನ್ನೊಬ್ಬರು ಅಕ್ಕ ಅಂತಲೇ ಕರೆಯುತ್ತಿದ್ದರು.

“ಯಾರಕ್ಕ ಇದು?” ಅಂದರು ಇಸ್ತ್ರಿ ಅಕ್ಕ, ಅಂಗಿಯ ಕಾಲರಿನಿಂದ ಕಣ್ಣೆತ್ತದೆ.

“ಕಾಲೇಜಿನ ಹುಡುಗಿ. ನಾನು ಏನು ಮಾಡ್ತೀನಿ ಅಂತ ನೋಡಿ ಬರೀಬೇಕಂತೆ.”

“ನೀವೇನು ಮಾಡ್ತೀರಿ? ಕೂರ್ತೀರಿ, ಟೀ ಕುಡೀತೀರಿ, ಕರ್ಚೀಫು ಮಡಚ್ತೀರಿ. ಇದಕ್ಕೂ ಕಾಲೇಜಾ?”

ಟಿಪ್ಪಣಿ ಅದನ್ನೂ ಬರೆದುಕೊಂಡಳು.

ಪುಟ್ಟಿಗೆ ಈಗ ಮೂವತ್ತೊಂದು. ಕೂದಲಲ್ಲಿ ಅಲ್ಲೊಂದು ಇಲ್ಲೊಂದು ಬಿಳಿ. ಮೇಡಂ ಕೂತದ್ದನ್ನು ನೋಡಿ ಮೂಲೆಯಿಂದ ಕರ್ಚೀಫುಗಳ ರಾಶಿ ಎತ್ತಿಕೊಂಡು ಬಂದು ಎದುರಿಗೆ ನೆಲದ ಮೇಲೆ ಕೂತಳು. ವಾರದ ಕರ್ಚೀಫುಗಳನ್ನೆಲ್ಲ ಇಸ್ತ್ರಿ ಅಕ್ಕ ಬುಧವಾರಕ್ಕೆ ತೆಗೆದಿಡುತ್ತಿದ್ದರು. ಮೇಡಂ ಎರಡು ತುದಿ ಹಿಡಿಯಬೇಕು, ಪುಟ್ಟಿ ಎರಡು ತುದಿ. ಅವಳು ತನ್ನ ತುದಿಗಳನ್ನು ತಂದು ಮೇಡಂ ಬೆರಳಿಗೆ ಸೇರಿಸಬೇಕು, ಮತ್ತೆ ಹಿಂದೆ ಸರಿದು ಇನ್ನೊಂದು ಮಡಿಕೆ. ಅಂಚು ಸರಿ ಕೂತರೆ ಗಂಟಲಲ್ಲಿ ಒಂದು ಸಣ್ಣ ಸದ್ದು ಮಾಡುತ್ತಿದ್ದಳು. ಅದೇ ಮಾತು. ಮೂವತ್ತು ಕರ್ಚೀಫಿಗೆ ಮೂವತ್ತು ಸಲ.

ಹದಿನೇಳನೆಯ ಕರ್ಚೀಫಿನ ಹೊತ್ತಿಗೆ ಹೇಳೋಣ ಅಂದುಕೊಂಡರು ಮೇಡಂ. ಇಪ್ಪತ್ತು ಮುಗಿಯಲಿ ಅಂದುಕೊಂಡರು. ರಾಶಿ ಮುಗಿದ ಮೇಲೆ ಟೀ ಬಂತು. ಟೀ ಕುಡಿಯುವಾಗ ಹೇಳುವ ವಿಷಯವಲ್ಲ ಅನ್ನಿಸಿತು. ಕುಡಿದಾದ ಮೇಲೆ ಬಸ್ಸಿನ ಹೊತ್ತಾಯಿತು.

ಮೆಟ್ಟಿಲು ಇಳಿಯುವಾಗ ಟಿಪ್ಪಣಿ ಮೆಲ್ಲಗೆ ಕೇಳಿದಳು: “ಮೇಡಂ, ಆ ಹಾಳೆ?”

“ಸನ್ನಿವೇಶ ಇನ್ನೂ ಪಕ್ವ ಆಗಿರಲಿಲ್ಲ.” ಅವಳ ಪೆನ್ನು ಏಳುವುದನ್ನು ಕಂಡು, “ಅದನ್ನ ಬರ್ಕೋಬೇಡ.”

ಆ ವಾರವೆಲ್ಲ ಮೇಡಂ ಮೇಲಿನವರಿಗೆ ಫೋನು ಮಾಡಿದರು. ಯಾರಾದರೂ ಒಬ್ಬರು ಬರುತ್ತಾರೆ ಅಂತ ಗೊತ್ತಾದರೆ ‘ಇವರು ಬರ್ತಾರೆ’ ಅಂತ ತೋರಿಸಿಯೇ ಹೇಳಬಹುದಲ್ಲ. ಪರಿಶೀಲನೆ ಪರಿಶೀಲನೆಯಲ್ಲೇ ಇತ್ತು. ಮನೆಯಲ್ಲಿ ಯಜಮಾನರು ಪೆಟ್ಟಿಗೆಗಳಿಗೆ ಹಗ್ಗ ಬಿಗಿಯುತ್ತಿದ್ದರು. ನೀರು ಸರಬರಾಜು ಇಲಾಖೆಯಲ್ಲಿ ಮೂವತ್ತು ವರ್ಷ ಇದ್ದು ನಿವೃತ್ತರಾದ ಮನುಷ್ಯ. ಪೆಟ್ಟಿಗೆಯ ನಾಲ್ಕು ಮಗ್ಗುಲಲ್ಲೂ ಒಳಗೇನಿದೆ ಅಂತ ಬರೆಯದೆ ಬಿಡುವವರಲ್ಲ.

“ಹೇಳಿದ್ಯೇನೇ ಆ ಅಮ್ಮ ಮಗಳಿಗೆ?”

“ಇಲ್ಲ ರೀ. ಈ ವಾರ ಹೇಳ್ತೀನಿ.”

“ಮನೆ ಓನರಿಗೆ ಮೂರು ತಿಂಗಳು ಮೊದಲೇ ನನ್ನ ಕೈಲಿ ಹೇಳಿಸ್ದೆ. ಹಾಲಿನವನಿಗೆ ನೀನೇ ಹೇಳ್ದೆ. ಪೇಪರಿನವನಿಗೆ ಎರಡು ಸಲ ಹೇಳ್ದೆ, ಅವನು ಸಾಕಾಗಿ ಈಗ್ಲೇ ಪೇಪರ್ ಹಾಕೋದು ನಿಲ್ಲಿಸಿಬಿಟ್ಟಿದಾನೆ.”

“ಪೇಪರಿನವನು ಊಟ ಬಿಡಲ್ಲ ರೀ” ಅಂದರು ಮೇಡಂ. ಯಜಮಾನರು ಹಗ್ಗದ ತುದಿ ಹಲ್ಲಲ್ಲಿ ಕಚ್ಚಿ ಗಂಟು ಹಾಕಿದರು.

ಎರಡನೆಯ ಬುಧವಾರ ಇಸ್ತ್ರಿ ಅಕ್ಕನಿಗೆ ಯಾವುದೋ ಹೋಟೆಲಿನ ಸಮವಸ್ತ್ರದ ಅರ್ಜೆಂಟು ಕೆಲಸ. ನಲವತ್ತು ಅಂಗಿ ಸಂಜೆಯೊಳಗೆ. ಕೆಲಸದ ನಡುವೆ ಇಂಥ ಮಾತು ತೆಗೆಯುವುದು ಸರಿಯಲ್ಲ ಅಂತ ಮೇಡಂಗೆ ಅನ್ನಿಸಿತು. ಅದೇ ಮಾತನ್ನು ವಿದ್ಯಾರ್ಥಿಯೊಬ್ಬ ಹೇಳಿದ್ದರೆ ಕೆಂಪು ಪೆನ್ನು ‘ಅವರಿಗೆ ಕೆಲಸ ಇಲ್ಲದ ದಿನ ಯಾವುದು?’ ಅಂತ ಬರೆದಿರುತ್ತಿತ್ತು.

ಮರುದಿನ ಗುರುವಾರ, ವಾರದ ಚರ್ಚೆಯ ದಿನ. ಟಿಪ್ಪಣಿ ವರದಿ ಪುಸ್ತಕ ತಂದು ಮೇಜಿನ ಮೇಲಿಟ್ಟು, ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕೂತಳು. ಕೆಳಗೆ ಟಯರ್ ಅಂಗಡಿಯಲ್ಲಿ ಗಾಳಿ ತುಂಬುವ ಯಂತ್ರ ಒದರುತ್ತಿತ್ತು. ಮೇಡಂ ಪೆನ್ನಿನ ಮುಚ್ಚಳ ತೆಗೆದು ಓದಿದರು.

‘ಮಧ್ಯಾಹ್ನ ೩.೧೦. ಮೇಡಂ ಕುರ್ಚಿಯಲ್ಲಿ ಕುಳಿತರು. ೩.೨೫. ಬ್ಯಾಗಿನ ಜಿಪ್ ತೆರೆದರು. ೩.೨೬. ಜಿಪ್ ಹಾಕಿದರು. ೩.೪೦. ಮತ್ತೆ ಜಿಪ್ ತೆರೆದು ಕನ್ನಡಕದ ಡಬ್ಬಿ ತೆಗೆದರು. ಕನ್ನಡಕ ಮೂಗಿನ ಮೇಲೆ ಇತ್ತು. ಡಬ್ಬಿ ವಾಪಸ್ ಇಟ್ಟರು. ೩.೫೨. ಇಸ್ತ್ರಿ ಮಾಡುವವರು, “ಏನಕ್ಕ, ಏನೋ ಹೇಳೋಕೆ ಬಂದಹಾಗಿದೆ” ಎಂದರು. ಮೇಡಂ, “ಏನಿಲ್ಲ, ಸೆಖೆ” ಎಂದರು. ೪.೦೫. ಹೊರಟೆವು. ಮೇಡಂ ಹೇಳಲಿಲ್ಲ.’

ಒಂದು ವಿಶೇಷಣವಿಲ್ಲ. ಕಂಡದ್ದು, ಕೇಳಿದ್ದು, ಅಷ್ಟೇ. ಇಪ್ಪತ್ತಾರು ವರ್ಷದಲ್ಲಿ ತಮ್ಮ ಕೈಗೆ ಬಂದ ಅತ್ಯುತ್ತಮ ವರದಿ ಅದು ಅಂತ ಮೇಡಂಗೆ ತಿಳಿಯಿತು. ತಿಳಿದು ಮೈಯೆಲ್ಲ ಉರಿಯಿತು.

ಬಲಗಡೆ ಪುಟ ಖಾಲಿ.

“ಇದ್ಯಾಕೆ ಖಾಲಿ? ನಿನಗೇನೂ ಅನ್ನಿಸ್ಲಿಲ್ವಾ?”

“ಅನ್ನಿಸ್ತು ಮೇಡಂ.”

“ಮತ್ತೆ?”

“ಬರೆದ್ರೆ ಮಾರ್ಕ್ಸ್ ಕೊಡೋರು ನೀವೇ ಅಲ್ವಾ.”

“ಬರೀಬೇಡ. ಹೇಳು.”

ಟಿಪ್ಪಣಿ ಮೇಜಿನ ಗಿಡ್ಡ ಕಾಲಿಗೆ ಇಟ್ಟಿದ್ದ ಮಡಚಿದ ರಟ್ಟನ್ನೇ ನೋಡಿದಳು. “ಭಯ ಇದೆ ಅನ್ನಿಸ್ತು.”

“ಯಾರಿಗೆ?”

“ಪುಟ್ಟಿಗಂತೂ ಅಲ್ಲ ಮೇಡಂ. ಪುಟ್ಟಿಗೆ ಇನ್ನೂ ಗೊತ್ತೇ ಇಲ್ವಲ್ಲ.”

ಮೇಡಂ ಕೆಂಪು ಪೆನ್ನು ಎತ್ತಿ ‘ಕಾರಣದ ವಿಶ್ಲೇಷಣೆ ಇಲ್ಲ’ ಅಂತ ಬರೆಯಲು ಹೋದರು. ‘ಕಾ’ ಬರೆದು ಕೈ ನಿಂತಿತು. ನಿಜವಾದ ಕಾರಣ ಅವರಿಗೆ ಗೊತ್ತಿತ್ತು. ಇಷ್ಟು ವರ್ಷ ಅವರು ಬರುವವರಾಗಿದ್ದರು. ಹೋಗುವವರು ಬೇರೆ ಯಾರೋ: ಮಕ್ಕಳು, ಪರೀಕ್ಷೆ ಇದ್ದವರು, ಜವಾಬ್ದಾರಿ ಇಲ್ಲದವರು. ಆ ಕೋಣೆ ನಿಂತಿರುವುದೇ ತಮ್ಮ ಬುಧವಾರದ ಮೇಲೆ ಅಂತ ಅವರು ಯಾವತ್ತೋ ನಂಬಿಬಿಟ್ಟಿದ್ದರು. ಹಾಗೆ ನಂಬಿದ ಮೇಲೆ ಹೋಗುತ್ತೇನೆ ಅಂತ ಹೇಳುವುದು ಹೇಗೆ? ಹೇಳದೆ ಹೋದರೂ ಅಷ್ಟೇ, ಹೊಸ್ತಿಲಲ್ಲಿ ಕೂರುವವಳು ಪುಟ್ಟಿಯೇ. ಈ ಸಲ ಎಷ್ಟು ದಿನ ಕೂರುತ್ತಾಳೋ, ಮೂವತ್ತೊಂದರ ದೇಹ ಎಷ್ಟು ತಡೆಯುತ್ತದೋ.

“ಇನ್ನೆಷ್ಟು ಬುಧವಾರ ಇದೆ?” ಅಂದರು, ಗೊತ್ತಿಲ್ಲದವರ ಹಾಗೆ.

“ಎರಡು ಮೇಡಂ.”

“ಮೂರು ಸೊನ್ನೆ ಆಗಲ್ಲ.”

“ಆಗಲ್ಲ.”

ಮೇಡಂ ಎದ್ದರು. ಕೈವಾರ ಹುಡುಕಲಿಲ್ಲ. ಒಂದು ಮಾಮೂಲಿ ಹಾಳೆ ಹರಿದು ಕೈಯಲ್ಲೇ ಎರಡು ಸೊನ್ನೆ ಬರೆದರು. ಎರಡೂ ಸೊಟ್ಟಗಾದವು. “ನಡಿ” ಅಂದರು.

“ಇವತ್ತು ಗುರುವಾರ ಮೇಡಂ.”

“ಗೊತ್ತು.”

ಗುರುವಾರ ಬಾಗಿಲಲ್ಲಿ ಮೇಡಂ ನಿಂತದ್ದನ್ನು ಕಂಡು ಪುಟ್ಟಿ ಮೊದಲು ಅಮ್ಮನ ಮುಖ ನೋಡಿದಳು, ಆಮೇಲೆ ಮೂಲೆಯ ಕಡೆ. ಅಲ್ಲಿ ಕರ್ಚೀಫಿನ ರಾಶಿ ಇರಲಿಲ್ಲ. ಗೊಂದಲದಲ್ಲಿ ಕೈ ಬೆರಳುಗಳನ್ನು ಒಂದಕ್ಕೊಂದು ಉಜ್ಜುತ್ತಾ ಗೋಡೆಗೆ ಒರಗಿದಳು. ಮೇಡಂ ಕುರ್ಚಿಯಲ್ಲಿ ಕೂರಲಿಲ್ಲ.

“ಅಕ್ಕ, ಈ ತಿಂಗಳಿಗೆ ನನ್ನ ಕೆಲಸ ಮುಗೀತು. ಊರು ಬಿಡ್ತಾ ಇದೀವಿ. ಇನ್ನೆರಡು ಬುಧವಾರ ಬರ್ತೀನಿ, ಆಮೇಲೆ ಬರಲ್ಲ. ಮೂರು ವಾರ ಮೊದಲೇ ಹೇಳ್ಬೇಕಿತ್ತು. ಹೇಳಲಿಲ್ಲ. ತಪ್ಪು ನಂದು.”

ಇಸ್ತ್ರಿ ಅಕ್ಕ ಕೈಯಲ್ಲಿದ್ದ ಅಂಗಿ ಮುಗಿಸಿದರು. ಮಡಚಿ ಇಟ್ಟರು. ಇನ್ನೊಂದು ತೆಗೆದು ಹರಡಿ, ನೀರು ಚಿಮುಕಿಸಿ, ತೋಳು, ಕಾಲರು, ಬೆನ್ನು ಎಲ್ಲ ಮುಗಿಸಿದರು. ಮತ್ತೊಂದು. ಹೀಗೆ ಐದು ಅಂಗಿ. ಟಿಪ್ಪಣಿಯ ಪುಸ್ತಕ ಮುಚ್ಚಿಯೇ ಇತ್ತು.

“ಯಾವಾಗಿಂದ ಗೊತ್ತು ನಿಮಗೆ?” ಅಂದರು ಕೊನೆಗೆ.

“ಒಂದು ವರ್ಷದಿಂದ.”

“ಒಂದು ವರ್ಷ.” ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದರು. “ಆ ಹುಡುಗಿಗೆ ಹತ್ತೊಂಬತ್ತು ವರ್ಷ ಇತ್ತು ಅಕ್ಕ. ಹೇಳದೆ ಹೋದ್ಲು ಅಂತ ನೀವು ಅವಳನ್ನ ಇದೇ ಕೋಣೆಗೆ ಕರ್ಕೊಂಡು ಬಂದು ಅಳಿಸಿದ್ರಿ. ನಾನೇ ಸಾಕು ಬಿಡಿ ಅಂದಿದ್ದೆ. ನೆನಪಿದ್ಯಾ?”

ಮೇಡಂಗೆ ನೆನಪಿತ್ತು. ಕಾಲೇಜಿನಲ್ಲಿ ಮಾತಾಡಿದ ಐವತ್ತು ನಿಮಿಷದಲ್ಲಿ ಆ ಭಾಗ ಇರಲಿಲ್ಲ. ಅವರು ಸೊಟ್ಟ ಸೊನ್ನೆಯ ಹಾಳೆಯನ್ನು ಮೇಜಿನ ಅಂಚಿನಲ್ಲಿಟ್ಟರು. ಇದನ್ನು ಗೋಡೆಗೆ ಅಂಟಿಸಿ ಪ್ರತಿ ಬುಧವಾರ ಪುಟ್ಟಿ ಕೈಯಲ್ಲಿ ಗೆರೆ ಎಳೆಸೋಣ ಅಂದರು. ಇಸ್ತ್ರಿ ಅಕ್ಕ ಹಾಳೆಯನ್ನು ಒಂದು ಸಲ ನೋಡಿ ಹಿಂದಕ್ಕೆ ತಳ್ಳಿದರು.

“ಸೊನ್ನೆ ಅವಳಿಗೆ ಏನು ಗೊತ್ತಾಗುತ್ತೆ? ಎಣಿಸೋಕೆ ಬಂದಿದ್ರೆ ನಾನು ಸ್ಕೂಲಿಗೆ ಕಳಿಸ್ತಿರಲಿಲ್ವಾ? ಇದು ನಿಮ್ಮ ಸಮಾಧಾನಕ್ಕೆ.”

ಹನ್ನೊಂದು ವರ್ಷದಲ್ಲಿ ಎಷ್ಟೋ ಗೋಡೆಗೆ ಅಂಟಿದ ಹಾಳೆ ಅದು. ಯಾವ ಮನೆಯ ಸಲುವಾಗಿ ಹುಟ್ಟಿತೋ ಆ ಮನೆಯವರನ್ನು ಮೇಡಂ ಒಂದು ಮಾತು ಕೇಳಿರಲಿಲ್ಲ. ಅವರು ತಲೆ ತಗ್ಗಿಸಿ, ಮೊದಲ ಸಲ ಕೇಳಿದರು: “ಮತ್ತೆ ಏನು ಮಾಡೋದಕ್ಕ?”

ಇಸ್ತ್ರಿ ಅಕ್ಕ ಮಗಳ ಕಡೆ ನೋಡಿದರು. ಪುಟ್ಟಿ ಗೋಡೆಯ ಸುಣ್ಣವನ್ನು ಉಗುರಲ್ಲಿ ಕೆರೆಯುತ್ತಿದ್ದಳು.

“ಬರೋ ಬುಧವಾರ ನೀವು ಬರ್ಬೇಡಿ.”

“ಇರೋದೇ ಎರಡು...”

“ಅದಕ್ಕೇ. ಬರ್ಬೇಡಿ. ಅವಳು ಹೊಸ್ತಿಲಲ್ಲಿ ಕೂರ್ತಾಳೆ. ಕೂರ್ಲಿ. ಪಕ್ಕದಲ್ಲಿ ನಾನಿರ್ತೀನಿ. ಕರ್ಚೀಫು ನಾನು ಮಡಚ್ತೀನಿ. ಅದರ ಮುಂದಿನ ವಾರ ಬಂದು ಒಂದ್ಸಲ ಮುಖ ತೋರಿಸಿ ಹೋಗಿ. ನೀವು ಇಲ್ಲದೇ ಇದ್ರೂ ಬುಧವಾರ ಮುಗಿಯುತ್ತೆ ಅಂತ ಒಂದ್ಸಲ ಗೊತ್ತಾಗ್ಲಿ ಅವಳಿಗೆ. ಆವತ್ತು ಒಂಬತ್ತು ದಿನ ಆದ್ರೂ ಆ ಹುಡುಗಿ ವಾಪಸ್ ಬರಲಿಲ್ಲ ನೋಡಿ, ಅದು ಅವಳನ್ನ ತಿಂದದ್ದು.”

“ಆವತ್ತಿನ ಹಾಗೇ ಊಟ ಬಿಟ್ರೆ?”

“ಬಿಟ್ರೆ ನಾನು ನೋಡ್ಕೋತೀನಿ. ಇಷ್ಟು ವರ್ಷ ವಾರದಲ್ಲಿ ಆರು ದಿನ ನೋಡ್ಕೊಂಡಿದ್ದು ಯಾರು?”

ಅಷ್ಟು ಹೇಳಿ ಆಕೆ ಆರನೆಯ ಅಂಗಿ ತೆಗೆದರು. ಆ ಕೋಣೆಯಿಂದ ಒಂದು ಲೋಟ ಟೀ ಕೊಡದೆ ಮೇಡಂನ ಕಳಿಸಿದ್ದು ಅದೇ ಮೊದಲು.

ಮೂರನೆಯ ಬುಧವಾರ ಮೂರು ಗಂಟೆಗೆ ಮೇಡಂ ತಮ್ಮ ಮೇಜಿನ ಹಿಂದೆಯೇ ಇದ್ದರು. ಕಾಲು ಅಭ್ಯಾಸಬಲದಿಂದ ಎರಡು ಸಲ ಎದ್ದು ನಿಂತಿತು, ಎರಡು ಸಲವೂ ಬೀರು ತೆಗೆದು ಹಾಕಿ ಅದಕ್ಕೊಂದು ನೆಪ ಒದಗಿಸಿದರು. ಹಳೆಯ ವರದಿಗಳನ್ನು ಕಟ್ಟು ಕಟ್ಟುತ್ತಿದ್ದರು. ಅದರಲ್ಲಿ ಮೂರು ವಾರ ಮೊದಲು ಹೇಳದ ಒಬ್ಬ ಹುಡುಗನಿಗೆ ತಾವೇ ಅರ್ಧ ಪುಟ ಬೈದು ಬರೆದದ್ದು ಕಣ್ಣಿಗೆ ಬಿತ್ತು. ಆ ಕಟ್ಟನ್ನು ಎಲ್ಲಕ್ಕಿಂತ ಕೆಳಗೆ ಇಟ್ಟರು.

“ನಾನು ಸುಮ್ನೆ ಆ ರಸ್ತೇಲಿ ಹೋಗಿ ಕೆಳಗಿಂದ ನೋಡ್ಕೊಂಡು ಬರ್ಲಾ ಮೇಡಂ?” ಅಂದಳು ಟಿಪ್ಪಣಿ.

ಬಾಯಿಗೆ ಬಂದ ‘ಹೋಗು’ವನ್ನು ಮೇಡಂ ನುಂಗಿದರು. “ಬೇಡ. ನಮ್ಮನ್ನ ಬರ್ಬೇಡಿ ಅಂದಿದಾರೆ. ಕಿಟಕಿಯಿಂದ ನಿನ್ನ ಕಂಡ್ರೆ ಪುಟ್ಟಿ ನನ್ನ ಹುಡುಕ್ತಾಳೆ.”

ಐದು ಗಂಟೆಯವರೆಗೆ ಇಬ್ಬರೂ ಕೂತರು. ಕೆಳಗಿನ ಯಂತ್ರ ಒಂದೊಂದು ಟಯರಿಗೂ ಗಾಳಿ ತುಂಬಿ ಉಸ್ಸೆಂದು ನಿಲ್ಲುತ್ತಿತ್ತು. ಆ ದಿನದ ವರದಿಯಲ್ಲಿ ಬರೆಯುವುದಕ್ಕೆ ಏನೂ ಇರಲಿಲ್ಲ, ಆದರೂ ಟಿಪ್ಪಣಿ ‘ಹೋಗಲಿಲ್ಲ’ ಅಂತ ಬರೆದಳು. ಮೇಡಂ ಕೆಂಪು ಪೆನ್ನು ಬಿಟ್ಟು ನೀಲಿಯಲ್ಲಿ ಸಹಿ ಹಾಕಿದರು.

ಆ ಏಳು ದಿನ ಅವರು ಮನೆಯಲ್ಲೂ ಸರಿಯಾಗಿ ತಿನ್ನಲಿಲ್ಲ. ಯಜಮಾನರು ಪೆಟ್ಟಿಗೆಗಳ ನಡುವೆ ಜಾಗ ಮಾಡಿ ತಟ್ಟೆ ಇಟ್ಟು, “ಅವಳು ತಿನ್ನಲಿ ಅಂತ ನೀನು ಬಿಡೋದಾ? ಇದ್ಯಾವ ಸೀಮೆ ಸಮಾಜಕಾರ್ಯ?” ಅಂದರು. ಎದುರಿಗೇ ಕೂತು, ತಟ್ಟೆ ಖಾಲಿಯಾಗುವ ತನಕ ಏಳಲಿಲ್ಲ.

ಕೊನೆಯ ಬುಧವಾರ ಮೆಟ್ಟಿಲು ಹತ್ತುವಾಗ ಮೇಡಂ ಮೊದಲು ನೋಡಿದ್ದು ಹೊಸ್ತಿಲು. ಖಾಲಿ ಇತ್ತು. ಒಳಗೆ ಇಸ್ತ್ರಿ ಅಕ್ಕ ಹೊದಿಕೆಯೊಂದನ್ನು ಇಸ್ತ್ರಿ ಮಾಡುತ್ತಿದ್ದರು. ಪುಟ್ಟಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಮೇಡಂ ಒಳಗೆ ಬಂದದ್ದು ಅವಳಿಗೆ ತಿಳಿದಿತ್ತು. ಭುಜ ಎರಡೂ ಒಂದು ಕ್ಷಣ ಬಿಗಿಯಾದವು. ತಿರುಗಲಿಲ್ಲ.

“ಏನಾಯ್ತಕ್ಕ ಆವತ್ತು?” ಅಂತ ಕೇಳುವಾಗ ಮೇಡಂ ದನಿ ಎಲ್ಲೋ ಒಳಗೆ ಹೋಗಿತ್ತು.

“ಮಧ್ಯಾಹ್ನದಿಂದ ಹೊಸ್ತಿಲಲ್ಲಿ ಕೂತ್ಲು. ಕತ್ತಲಾಗೋ ತನಕ ಕೂತ್ಲು. ನಾನೂ ಪಕ್ಕದಲ್ಲಿ ಕೂತೆ, ಇಸ್ತ್ರಿ ಆರಿಸಿ. ಸಂಜೆ ತಟ್ಟೆ ತಂದ್ರೆ ತಳ್ಳಿದ್ಲು.”

“ಆಮೇಲೆ?”

“ಆಮೇಲೆ ಏನು. ಬೆಳಿಗ್ಗೆ ಹಸಿವಾಯ್ತು, ತಿಂದ್ಲು. ಒಂದು ಹೊತ್ತು ಬಿಟ್ಟಿದ್ದು, ಅಷ್ಟೇ.” ಇಸ್ತ್ರಿ ಅಕ್ಕ ಹೊದಿಕೆಯ ಇನ್ನೊಂದು ತುದಿಗೆ ಹೋದರು. “ಕರ್ಚೀಫು ಶುಕ್ರವಾರ ನನ್ನ ಜೊತೆ ಮಡಚಿದ್ಲು. ನಾನು ಅಂಚು ಸರಿ ಹಿಡಿಯಲ್ಲ ಅಂತ ಎರಡು ಸಲ ಬಿಚ್ಚಿಸಿದ್ಲು.”

ಒಂದು ಹೊತ್ತು. ಹನ್ನೊಂದು ವರ್ಷ ಹೊತ್ತುಕೊಂಡಿದ್ದ ಒಂಬತ್ತು ದಿನದ ಎದುರು ಒಂದು ಹೊತ್ತು. ಮೇಡಂ ಕುರ್ಚಿಯಲ್ಲಿ ಕೂತು, ತಮಗೆ ಆಗುತ್ತಿರುವುದು ಸಂತೋಷವೇ ಅಂತ ಖಚಿತಮಾಡಿಕೊಳ್ಳಲು ನೋಡಿದರು. ಬಹುಪಾಲು ಸಂತೋಷವೇ. ತಾವಿಲ್ಲದೆ ಒಂದೇ ಹೊತ್ತು ಸಾಕಾಯಿತಲ್ಲ ಅಂತ ಚೂರು ಚುಚ್ಚಿದ್ದೂ ನಿಜ. ಆ ಚೂರಿಗೆ ಅವರು ನಾಚಿದರು.

ಇಸ್ತ್ರಿ ಅಕ್ಕ ಟೀ ಕೊಟ್ಟರು. ಟಿಪ್ಪಣಿಗೂ ಕೊಟ್ಟರು. ಮಗಳ ಊರಿನ ಮನೆಗೆ ಮೆಟ್ಟಿಲು ಎಷ್ಟು, ಮಂಡಿ ನೋವಿಗೆ ಅದು ಆಗಿಬರುತ್ತದಾ ಅಂತ ವಿಚಾರಿಸಿದರು. ಕರ್ಚೀಫಿನ ರಾಶಿ ಮೂಲೆಯಲ್ಲೇ ಇತ್ತು. ಮೇಡಂ ಹೋಗಿ ಒಂದನ್ನು ತಂದು ಪುಟ್ಟಿಯ ಪಕ್ಕದಲ್ಲಿ ಎರಡು ತುದಿ ಹಿಡಿದು ನಿಂತರು. ಪುಟ್ಟಿಯ ಕೈ ಮಡಿಲಿನಿಂದ ಏಳಲಿಲ್ಲ. ಒಂದು ನಿಮಿಷ ಹಿಡಿದಿದ್ದು, ಒಬ್ಬರೇ ಮಡಚಿ ಇಟ್ಟರು.

“ಕೋಪ ಇದೆ” ಅಂದರು ಇಸ್ತ್ರಿ ಅಕ್ಕ. “ಇರ್ಲಿ ಬಿಡಿ. ಕೋಪ ಇದ್ದಾಗ ಅವಳು ಚೆನ್ನಾಗೇ ತಿಂತಾಳೆ.”

ನಾಲ್ಕು ಗಂಟೆ ದಾಟಿತು. ಟಿಪ್ಪಣಿ ತನ್ನ ಪುಸ್ತಕವನ್ನು ಬ್ಯಾಗಿಗೆ ಹಾಕಿ ಬಾಗಿಲ ಆಚೆ ಹೋಗಿ ನಿಂತಳು. ಮೇಡಂ ಪುಟ್ಟಿಯ ಬೆನ್ನ ಹಿಂದೆ ನಿಂತರು. ಎದುರಿಗೆ ನಿಂತು ಹೇಳಬೇಕು ಅನ್ನುವುದು ಅವರದೇ ನಿಯಮ. ಎದುರಿಗೆ ಹೋದರೆ ಅವಳು ಗೋಡೆಗೆ ತಿರುಗುತ್ತಾಳೆ ಅಂತ ಗೊತ್ತಿತ್ತು. ಹಾಗಾಗಿ ಅವಳು ಕೊಟ್ಟ ಬೆನ್ನಿಗೇ ಹೇಳಿದರು.

“ಪುಟ್ಟಿ. ನಾನು ಹೊರಟೆ. ನಾನು ಇನ್ನು ಬರಲ್ಲ.”

ಮಾತು ಪೂರ್ತಿ ಬಂತು. ‘ನೋಡೋಣ’ ಅನ್ನುವುದು ನಾಲಿಗೆಯ ತುದಿಯವರೆಗೆ ಬಂದಿತ್ತು. ಅದನ್ನು ಅಲ್ಲೇ ತಡೆದರು. ಪುಟ್ಟಿ ಕಿಟಕಿಯ ಕಂಬಿಯನ್ನು ಹಿಡಿದುಕೊಂಡು ಹೊರಗೆ ನೋಡುತ್ತಲೇ ಇದ್ದಳು. ಗಂಟಲಿನ ಆ ಸಣ್ಣ ಸದ್ದು ಬರುತ್ತದೇನೋ ಅಂತ ಮೇಡಂ ಕಾದರು. ಕಾಯುವುದಕ್ಕೆ ತಮಗೆ ಹಕ್ಕಿಲ್ಲ ಅಂತ ಗೊತ್ತಿದ್ದೂ ಕಾದರು.

“ಹೊರಡಿ ಅಕ್ಕ” ಅಂದರು ಇಸ್ತ್ರಿ ಅಕ್ಕ, ಮೆತ್ತಗೆ. “ನೀವು ನಿಂತಷ್ಟು ಹೊತ್ತೂ ಅವಳು ತಿರುಗಲ್ಲ.”

ಮೇಡಂ ಚಪ್ಪಲಿ ಮೆಟ್ಟಿ ಹೊರಟರು. ಮೊದಲ ಮಹಡಿಗೆ ಇಳಿಯುವಷ್ಟರಲ್ಲಿ ಮೇಲೆ ಕುರ್ಚಿ ಎಳೆದ ಸದ್ದು ಕೇಳಿಸಿತು. ತಾಯಿ ಎಳೆದದ್ದೋ ಮಗಳು ಎಳೆದದ್ದೋ ತಿಳಿಯಲಿಲ್ಲ. ಟಿಪ್ಪಣಿ ನಿಂತು ತಲೆ ಎತ್ತಿ ನೋಡಿದಳು. ಮೇಡಂ ಅವಳ ತೋಳು ಹಿಡಿದುಕೊಂಡು, ಒಂದೊಂದೇ ಮೆಟ್ಟಿಲು ಇಳಿಯುತ್ತಾ ಹೋದರು.